ಸೇಫ್ಟಿಪಿನ್ ಹಾಕಿದೀನಿ ಅಷ್ಟೆ

ಪುಟ್ಟಿ,

ಫೋನ್ ಮಾಡಿದ್ರೆ ಮತ್ತೆ ಇಬ್ರೂ ಒಟ್ಟೊಟ್ಟಿಗೆ ಮಾತಾಡಿ ಯಾರದ್ದೂ ಯಾರಿಗೂ ಕೇಳ್ಸಲ್ಲ, ಅದಕ್ಕೆ ಬರೀತಿದೀನಿ. ಭಾನುವಾರ ಯಾರು ಏನಂದ್ರು, ಬಾಗಿಲು ಯಾರು ಬಡಿದಿದ್ದು, ಅದೆಲ್ಲ ಬೇಡ, ನಿಂಗೂ ನೆನಪಿದೆ ನಂಗೂ ನೆನಪಿದೆ. ಒಂದು ದಿನ ಮೊದ್ಲೇ ಹೊರಟುಬಿಟ್ಟೆ. ಅಪ್ಪ ನಿನ್ನ ಬಿಟ್ಟು ಬಂದವರು ತುಟಿ ಬಿಚ್ಚದೆ ಸೀದಾ ಹಿತ್ತಲಿಗೆ ಹೋಗಿ ಎಲೆ ಗುಡಿಸೋಕೆ ನಿಂತ್ರು. ಕತ್ತಲಾಗೋವರೆಗೂ. ಈಗ ಕತ್ತಲೂ ಬೇಗ ಆಗತ್ತೆ ಅನ್ನು, ಆದ್ರೂ.

ನಿನ್ನ ರೂಮು ಗುಡಿಸುವಾಗ ದಿಂಬಿನ ಹಿಂದೆ ಒಂದು ಮಫ್ಲರ್ ಸಿಕ್ತು, ಕಡ್ಡಿ ಸಮೇತ. ನೀನು ಹೆಣೀತಿದೀಯ ಅಂತಾನೇ ನಂಗೆ ಗೊತ್ತಿರ್ಲಿಲ್ಲ ನೋಡು. ಮೂರು ರಾತ್ರಿ ನಾನು ಹಾಲಲ್ಲಿ ಕೂತು ಹೆಣೀತಿದ್ದೆ, ಗೋಡೆ ಆಚೆ ನೀನು ಬಾಗಿಲು ಹಾಕ್ಕೊಂಡು ಹೆಣೀತಿದ್ದೆ. ಇದು ತಲೆಗೆ ಹತ್ತೋಕೆ ನಂಗೆ ಸ್ವಲ್ಪ ಹೊತ್ತು ಬೇಕಾಯ್ತು. ಯಾಕೆ ಬಚ್ಚಿಟ್ಟೆ ಅಂತ ಕೇಳಲ್ಲ. ಗೊತ್ತು.

ಆಗ ನಿಂಗೆ ಒಂಬತ್ತು. ಹಿಂಗೇ ಎಲೆ ಉದುರೋ ಕಾಲ. 24 ಕುಣಿಕೆ ಹಾಕ್ಕೊಂಡು ಗೊಂಬೆಗೆ ಮಫ್ಲರ್ ಅಂತ ಶುರು ಮಾಡಿದ್ದೆ. ಸ್ಕೂಲಿಂದ ಬಂದು ಎಷ್ಟಾಗತ್ತೋ ಅಷ್ಟು ಹೆಣೆದು, ನಿಲ್ಲಿಸಿದ ಕಡೆ ಅಂಚಿಗೆ ಒಂದು ಚೂರು ಕೆಂಪು ದಾರ ಕಟ್ತಿದ್ದೆ, ಇದು ಸೋಮವಾರ, ಇದು ಮಂಗಳವಾರ ಅಂತ. ಹತ್ತು ದಿನ ಆದ್ಮೇಲೆ ನಾನು ಎಣಿಸಿ ನೋಡ್ತೀನಿ, 24 ಹೋಗಿ 31 ಆಗಿದೆ, ಮೇಲೆ ಹೋಗ್ತಾ ಹೋಗ್ತಾ ಬೀಸಣಿಗೆ ತರ ಅಗಲ. ಹೊಸದಾಗಿ ಕಲಿಯೋರೆಲ್ಲ ಮಾಡೋ ತಪ್ಪೇ ಅದು, ಸಾಲು ತಿರುಗಿಸಿದಾಗ ದಾರವನ್ನ ಕಡ್ಡಿ ಮೇಲಿಂದ ಹಿಂದಕ್ಕೆ ಎಳೆದ್ರೆ ಮೊದಲ್ನೇ ಕುಣಿಕೆಯ ಎರಡು ಕಾಲೂ ಮೇಲೆ ಎದ್ದು ಎರಡು ಕುಣಿಕೆ ತರ ಕಾಣತ್ತೆ, ಮಗು ಎರಡನ್ನೂ ಹೆಣೆದುಬಿಡತ್ತೆ. ದಾರ ಕಡ್ಡಿ ಕೆಳಗಿಂದ ಬಂದ್ರೆ ಸರಿಹೋಯ್ತು. ಪಕ್ಕದಲ್ಲಿ ಕೂರಿಸ್ಕೊಂಡು ಒಂದು ನಿಮಿಷದಲ್ಲಿ ತೋರಿಸಬಹುದಿತ್ತು. ನೋಡು, ನಿಂಗೆ ಈಗ ಹೇಳ್ತಿದೀನಿ.

ನಾನು ಏನು ಮಾಡಿದೆ, ನೀನು ಮಲಗಿದ್ಮೇಲೆ ಬುಡದವರೆಗೂ ಬಿಚ್ಚಿದೆ. ಬಿಚ್ಚಿದ ಉಲ್ಲನ್ ಹಳೇ ಫೋನಿನ ವೈರ್ ತರ ಸುರುಳಿ ಸುರುಳಿ ಇರತ್ತೆ, ಲಡಿ ಮಾಡಿ ಒದ್ದೆ ಮಾಡಿ ನೇತುಹಾಕಿದ್ರೆ ನೆಟ್ಟಗಾಗತ್ತೆ, ಅಷ್ಟಕ್ಕೆಲ್ಲ ಟೈಮ್ ಎಲ್ಲಿ, ಬೆಳಿಗ್ಗೆ ನೀನು ಏಳೋದ್ರೊಳಗೆ ಮುಗೀಬೇಕಿತ್ತು. ಹಂಗೇ ಹೆಣೆದೆ. ನಿನ್ನ ಕೈ ಬಿಗಿ ಅಂತ ನಾನೂ ಬೇಕಂತ ಬಿಗಿಯಾಗಿ ಹೆಣೆಯೋಕೆ ನೋಡಿದೆ, ಬರ್ಲಿಲ್ಲ, ಎಲ್ಲಾ ಸಾಲೂ ಒಂದೇ ಸಮ ಬಂತು. ಕೆಂಪು ದಾರಗಳನ್ನ ಅಂದಾಜಿಗೆ ಅಲ್ಲಲ್ಲಿ ಕಟ್ಟಿದೆ.

ಬೆಳಿಗ್ಗೆ ನೀನು ಅದನ್ನ ತೊಡೆ ಮೇಲೆ ಇಟ್ಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸ್ತಾ ಹೋದೆ, ಒಂದೊಂದೇ ದಾರ ಮುಟ್ಟಿ ಮುಟ್ಟಿ. ಆಮೇಲೆ ಕೇಳಿದೆ, "ಬುಧವಾರ ಎಲ್ಲಿ?"

ನಾನೇನಂದೆ? "ಈಗ ಎಷ್ಟು ಚೆನ್ನಾಗಿದೆ ನೋಡು." ಅಳಲಿಲ್ಲ ನೀನು. ಅತ್ತಿದ್ರೆ ಅಲ್ಲೇ ಮುಗೀತಿತ್ತೇನೋ, ನಾನು ಸಮಾಧಾನ ಮಾಡ್ತಿದ್ದೆ. ಕಡ್ಡಿ ಎರಡನ್ನೂ ನೀಟಾಗಿ ಜೋಡಿಸಿ ಬುಟ್ಟಿಲಿಟ್ಟು, ಹಿತ್ತಲಲ್ಲಿ ಅಪ್ಪ ಒಟ್ಟಿದ್ದ ಎಲೆ ರಾಶಿ ಮೇಲೆ ಹೋಗಿ ಕೂತೆ. ಅಷ್ಟೇ. ಮತ್ತೆ ಕಡ್ಡಿ ಮುಟ್ಟಲಿಲ್ಲ. ನಾನು ಬಂದವರ ಹತ್ರ ಎಲ್ಲ "ಇವಳಿಗೆ ತಾಳ್ಮೆ ಇಲ್ಲ, ಶುರು ಮಾಡ್ತಾಳೆ ಬಿಡ್ತಾಳೆ" ಅಂತ ಹೇಳ್ಕೊಂಡು ಬಂದೆ. ವರ್ಷಗಟ್ಟಲೆ. ನಿನ್ನ ಎದುರಿಗೇ. ಇದನ್ನ ಬರೆಯೋಕೆ ಕಷ್ಟ ಆಗ್ತಿದೆ ಪುಟ್ಟಿ, ಬಿಚ್ಚಿದ್ದಕ್ಕಿಂತ ಈ ಸುಳ್ಳು ದೊಡ್ಡದು ಅಂತ ಈ ವಾರ ಅನ್ನಿಸ್ತಿದೆ. ಬುಧವಾರದ ದಾರ ಎರಡು ದಿನ ಬಿಟ್ಟು ಕುರ್ಚಿ ಕೆಳಗೆ ಸಿಕ್ತು. ತಂದು ಕೊಡೋಕೆ ಮುಖ ಇರ್ಲಿಲ್ಲ. ಕಸದ ಜೊತೆ ಹೋಯ್ತು.

ನೋಡಿದ್ಯಾ, ಭಾನುವಾರದ್ದು ಬೇಡ ಅಂತ ಶುರು ಮಾಡಿ ಎಲ್ಲಿಗೋ ಹೋದೆ. ಆದ್ರೆ ಭಾನುವಾರದ್ದೂ ಇದೇ ತಾನೆ. ನೀನು ಬಗ್ಗಿ ಬಗ್ಗಿ ಅಷ್ಟೂ ಡ್ಯಾಫೊಡಿಲ್ ಗೆಡ್ಡೆ ನೆಟ್ಟೆ, ಕೈ ತೊಳೆಯೋಕೆ ಒಳಗೆ ಹೋದೆ, ನಾನು ಸುಮ್ನೆ ಇರಬಹುದಿತ್ತು. ಒಂದೇ ಒಂದು ಅಗೆದು ನೋಡಿದೆ. ಗೆಡ್ಡೆ ಎಷ್ಟು ಎತ್ತರ ಇರತ್ತೋ ಅದರ ಮೂರರಷ್ಟು ಆಳ ಬೇಕು, ಮೇಲೆ ಮೇಲೆ ನೆಟ್ರೆ ಮುಂದೆ ಹೂ ಕಮ್ಮಿ ಬಿಡತ್ತೆ, ಅದೊಂದು ಭಯ ಅಷ್ಟೆ. ನೀನು ಕಿಟಕಿಯಿಂದ ನೋಡ್ತಿದೀಯ ಅಂತ ನಂಗೇನು ಗೊತ್ತು. ನೀನು ಕೇಳದೇ ಹೋದದ್ದು ಒಂದಿದೆ, ಈಗ ಹೇಳ್ತೀನಿ. ಅದು ಸರಿಯಾಗೇ ಇತ್ತು. ಚೂಪು ತುದಿ ಮೇಲಕ್ಕೆ, 15 ಸೆಂಟಿಮೀಟರ್, ಸ್ಕೇಲ್ ಇಟ್ಟು ನೆಟ್ಟ ಹಾಗೆ. ಎದುರಿಗೆ ಹೇಳೋಕೆ ಬಾಯಿ ಬರ್ಲಿಲ್ಲ, "ನಾನು ಅಳತೆ ನೋಡಿದ್ದು ತಪ್ಪಾ" ಅಂತ ಕೂಗಿದೆ. ತಪ್ಪು.

ಅಪ್ಪ ಆ ಗೆಡ್ಡೆನ ವಾಪಸ್ ಮುಚ್ಚಿ ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟಿದಾರೆ, ಗುರುತಿಗೆ. ನಿನ್ನೆ ಆ ಕಡ್ಡಿ ಹತ್ರ ನಿಂತು ನಂಗೆ ಎಲೆ ಬಗ್ಗೆ ಪಾಠ. ಹಗಲು ಕಮ್ಮಿ ಆಗ್ತಾ ಬಂದ ಹಾಗೆ ಎಲೆಯ ಹಸಿರು ಒಡೆದು ಹೋಗತ್ತಂತೆ, ಹಳದಿ ಮೊದಲಿಂದಾನೂ ಒಳಗೇ ಇರತ್ತಂತೆ, ಕೆಂಪು ಮಾತ್ರ ಈಗ ಹೊಸದಾಗಿ ಮಾಡ್ಕೊಳತ್ತಂತೆ. ಗಾಳಿ ಬಂದು ಕೀಳೋದಲ್ಲ, ಮರಾನೇ ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಬಿಟ್ಟುಕೊಡತ್ತೆ ಅಂತ ಹೇಳಿ ನನ್ನ ಮುಖ ನೋಡಿದ್ರು. ಈ ಮನೇಲಿ ಪಾಠ ಮಾಡೋದು ನಾನೊಬ್ಳೇ ಅಲ್ಲ ಅಂತ ಗೊತ್ತಿರ್ಲಿ. ನೀನು ಸಾಲಾಗಿ ಇಟ್ಟುಹೋದ ಎಲೆ ಮೂಟೆಗಳು ಹಂಗೇ ಇವೆ. ಎಲ್ಲದಕ್ಕೂ ತೂತು ಹೊಡೆದು ನೀರು ಚಿಮುಕಿಸಿದ್ದು ನೋಡಿ ಖುಷಿ ಆಯ್ತು, ಒಣಗಿದ ಎಲೆ ಕೊಳೆಯಲ್ಲ. ಗೊಬ್ಬರ ಆಗೋಕೆ ಒಂದು ವರ್ಷ, ದಪ್ಪ ಎಲೆ ಇದ್ರೆ ಎರಡು. ನೀನು ವಾಪಸ್ ಬರೋ ಹೊತ್ತಿಗೆ ಸರಿ ಹೋಗತ್ತೆ.

ಎರಡು ವರ್ಷ. ಇದನ್ನ ಬರೀಬಾರದು ಅಂದ್ಕೊಂಡಿದ್ದೆ.

ನೀನು ಹೋಗೋ ಕಡೆ ಈಗ ವಸಂತ ಅಂತ ಮೊನ್ನೆ ತಾನೆ ನಂಗೆ ಹೊಳೀತು. ಇಲ್ಲಿ ಸೆಪ್ಟೆಂಬರ್ 22-23ಕ್ಕೆ ಹಗಲು ರಾತ್ರಿ ಸಮ ಆಗಿ ಶರದೃತು ಶುರುವಾದ್ರೆ ಭೂಮಿಯ ಆ ಅರ್ಧಕ್ಕೆ ಅದೇ ದಿನ ವಸಂತ, ಅಲ್ಲಿ ಎಲೆ ಉದುರೋದು ಮಾರ್ಚ್ ಆದ್ಮೇಲೆ. ಆಗ ಇಲ್ಲಿ ನೀನು ನೆಟ್ಟಿದ್ದು ಹೂ ಬಿಟ್ಟಿರತ್ತೆ. ಅಂದ್ರೆ ನಾವು ಚಳಿ ಅಂತ ಕಿಟಕಿ ಹಾಕುವಾಗ ನೀನು ತೆಗೀತಿರ್ತೀಯ. ಎಲ್ಲಾ ವರ್ಷ ಈ ಹೊತ್ತಿಗೆ ಮೂರೂ ಜನ ಹಿತ್ತಲಲ್ಲಿ ಇರ್ತಿದ್ವಿ, ಸಂಜೆ ಬಿಸಿಲಿಗೆ ಬೆನ್ನು ಕೊಟ್ಕೊಂಡು ಚೆಂಡುಹೂವಿನ ಬೀಜ ಬಿಡಿಸ್ತಾ, ಒಬ್ಬರಿಗೊಬ್ಬರು ಮಾತೇ ಆಡದೆ. ಅದು ಒಂದು ವಿಷಯ ಅಂತ ನಂಗೆ ಅನ್ನಿಸಿರ್ಲೇ ಇಲ್ಲ. ಪೇಪರ್ ಕವರಿನ ಮೇಲೆ ನೀನು ಬರೆದಿರೋ ತಾರೀಕು ಎಲ್ಲಾ ವರ್ಷದ್ದೂ ಇದೆ, ಅಕ್ಷರ ದೊಡ್ಡದಾಗ್ತಾ ಇರೋದಲ್ಲ, ಚಿಕ್ಕದಾಗ್ತಾ ಬಂದಿದೆ. ಬೀಜ ಪ್ಲಾಸ್ಟಿಕ್ ಕವರಲ್ಲಿ ಮಾತ್ರ ಹಾಕಿಡಬೇಡ, ಸ್ವಲ್ಪ ಪಸೆ ಇದ್ರೂ ಬೂಸ್ಟು ಹಿಡಿಯತ್ತೆ.

ಮತ್ತೆ ಸ್ವೆಟರ್. ನಾನು ಹಾಕಿಕೊಟ್ಟಿರೋದನ್ನ ಬಿಸಿನೀರಿಗೆ ಹಾಕ್ಬೇಡ, ಮೆಷೀನಿಗಂತೂ ಬೇಡವೇ ಬೇಡ. ಉಲ್ಲನ್ ಎಳೆ ಮೇಲೆ ಮೀನಿನ ತರ ಸಣ್ಣ ಸಣ್ಣ ಹುರುಪೆ ಇರತ್ತೆ, ಬಿಸಿನೀರಲ್ಲಿ ತಿರುಗಾಡಿಸಿದ್ರೆ ಒಂದಕ್ಕೊಂದು ಸಿಕ್ಕಾಕ್ಕೊಂಡು ಕುಗ್ಗಿ ಗಟ್ಟಿ ಆಗೋಗತ್ತೆ, ಆಮೇಲೆ ಯಾರಿಂದಾನೂ ಬಿಡಿಸೋಕಾಗಲ್ಲ. ತಣ್ಣೀರು, ಹಿಂಡಬಾರದು, ಟವಲಲ್ಲಿ ಸುತ್ತಿ ಒತ್ತಬೇಕು, ಚಪ್ಪಟೆ ಹಾಸಿ ಒಣಗಿಸ್ಬೇಕು, ನೇತುಹಾಕಿದ್ರೆ ತೋಳು ಮೊಣಕಾಲಿಗೆ ಬರತ್ತೆ. ಹೌದು, ಇದೂ ಪಾಠಾನೇ. ರಾತ್ರಿ ಒಬ್ಬಳೇ ಲೇಟಾಗಿ ಓಡಾಡೋದು, ಊಟ ಬಿಡೋದು, ಅದನ್ನೆಲ್ಲ ಬರೀದೆ ಬರೀ ಸ್ವೆಟರ್ ಬಗ್ಗೆ ಬರೆದಿದೀನಿ ಅಂತ ಖುಷಿಪಡು.

ಈಗ ಮಫ್ಲರ್ ವಿಷಯ. ಚೆನ್ನಾಗಿದೆ ಅಂತ ಮೊದಲೇ ಹೇಳ್ಬೇಕಿತ್ತು, ಕೊನೆಗೆ ಬಂತು ನೋಡು. ಆ ಹಳದಿ ನಾನು ಗುರುತು ಹಿಡಿದೆ, ಹೋದ ವರ್ಷ ನಾವಿಬ್ರೂ ಪಟಿಕದ ನೀರಲ್ಲಿ ಕಾಯಿಸಿ ಚೆಂಡುಹೂವಲ್ಲಿ ಬಣ್ಣ ಹಾಕಿದ ಉಲ್ಲನ್ ಅದು. ಒಂದು ಲಡಿ ಕಮ್ಮಿ ಬಂದಿದ್ದು ಎಲ್ಲಿ ಅಂತ ಆಗ ಮನೆಯೆಲ್ಲ ಹುಡುಕಿದ್ದೆ. ಅಂಚು ನೆಟ್ಟಗಿದೆ. ನಿನ್ನ ಕೈ ಈಗಲೂ ಬಿಗಿ.

37ನೇ ಸಾಲಲ್ಲಿ ಒಂದು ಕುಣಿಕೆ ಬಿಟ್ಟುಹೋಗಿದೆ. ನಿಂಗೆ ಗೊತ್ತೋ ಇಲ್ವೋ. ಉಲ್ಲನ್ ಆಗಿರೋದಕ್ಕೆ ಅಂಟ್ಕೊಂಡು ಅಲ್ಲೇ ನಿಂತಿದೆ, ನುಣುಪು ದಾರ ಆಗಿದ್ರೆ ಇಷ್ಟೊತ್ತಿಗೆ ಏಣಿ ತರ ಕೆಳಗಡೆವರೆಗೂ ಜಾರಿರ್ತಿತ್ತು. ಎರಡು ರಾತ್ರಿ ಅದನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ. ಕ್ರೋಶೆ ಕಡ್ಡಿಲಿ ಹಿಡಿದು ಮೇಲಕ್ಕೆ ತಂದ್ರೆ ಎರಡು ನಿಮಿಷದ ಕೆಲಸ, ಯಾರಿಗೂ ಗೊತ್ತಾಗಲ್ಲ. ಮಾಡ್ಲಿಲ್ಲ. ಇನ್ನೂ ಕೆಳಗೆ ಜಾರದೇ ಇರ್ಲಿ ಅಂತ ಆ ಕುಣಿಕೆಗೆ ಒಂದು ಸೇಫ್ಟಿಪಿನ್ ಹಾಕಿದೀನಿ ಅಷ್ಟೆ, ಕಡ್ಡಿ ತುದಿಗಳಿಗೆ ರಬ್ಬರ್ ಚೂರು ಚುಚ್ಚಿದೀನಿ. ಬೇರೆ ಏನೂ ಮುಟ್ಟಿಲ್ಲ. ಸಾಲು ಎಣಿಸಿದೆ, ಅದು ಮುಟ್ಟಿದ ಲೆಕ್ಕಕ್ಕೆ ಬರತ್ತಾ?

ನಾಳೆ ಪಾರ್ಸೆಲ್ ಮಾಡ್ತಾರೆ ಅಪ್ಪ. ಕ್ರೋಶೆ ಕಡ್ಡಿನೂ ಬಾಕ್ಸಿಗೆ ಹಾಕಿದ್ದೆ, ಆಮೇಲೆ ತೆಗೆದಿಟ್ಟೆ. ಬೇಕಿದ್ರೆ ಕೇಳು, ಕಳಿಸ್ತೀನಿ.

ಅಮ್ಮ