ರ‍್ಯಾಮ್‌ನಲ್ಲಿರುವ ದಾಖಲೆಗೂ ಡಿಸ್ಕಿನ ಆಸರೆ ಬೇಕು

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದ ಒಂದು ಸಂಜೆ ಮುಲುಂಡಿನಲ್ಲಿ ವಿದ್ಯುತ್ ಕೈಕೊಟ್ಟಾಗ, ನಾನು ಸದಸ್ಯನಾಗಿರುವ ಕನ್ನಡ ಸಂಘದ ನಾಟಕದ ಟಿಕೆಟ್ ದಾಖಲೆಯಲ್ಲಿ ಕೊನೆಯ ನಾಲ್ಕೈದು ನಿಮಿಷಗಳದ್ದು ಅಳಿಸಿಹೋಗಿ, ಹಣ ಕಟ್ಟಿದ್ದ ಹಿರಿಯರೊಬ್ಬರು ರಸೀದಿ ಹಿಡಿದು ಬಾಗಿಲಲ್ಲೇ ನಿಲ್ಲಬೇಕಾಯಿತು. ದಾಖಲೆಯೆಲ್ಲ ರೆಡಿಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ, ಅಂದರೆ ವಿದ್ಯುತ್ ಹೋದರೆ ಬರಿದಾಗುವ ಕಂಪ್ಯೂಟರಿನ ರ‍್ಯಾಮ್‌ನಲ್ಲಿತ್ತು. ಆಗಾಗ ಡಿಸ್ಕಿಗೆ ಬರೆಯುವ ಆರ್‌ಡಿಬಿ ಪ್ರತಿಯನ್ನಷ್ಟೇ ನಂಬಿದ್ದೆವು. ಪ್ರತಿ ಬದಲಾವಣೆಯನ್ನೂ ಕಡತದ ತುದಿಗೆ ಸೇರಿಸುತ್ತ ಹೋಗುವ ಎಒಎಫ್ ವಿಧಾನವನ್ನು ಚಾಲೂ ಮಾಡಿ, ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುವಂತೆ ಇಟ್ಟಿದ್ದರೆ ಸುಮಾರು 1 ಸೆಕೆಂಡಿನ ದಾಖಲೆಯಷ್ಟೇ ಹೋಗುತ್ತಿತ್ತು. ರೆಪ್ಲಿಕಾ, ಅಂದರೆ ಮೂಲದ ಬದಲಾವಣೆಗಳನ್ನೆಲ್ಲ ನಕಲಿಸಿಕೊಳ್ಳುತ್ತಲೇ ಇರುವ ಇನ್ನೊಂದು ಸರ್ವರ್, ಇದೆಯೆಂಬ ಸಮಾಧಾನವೂ ಸಾಲದು. ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಜನರಿಂದ ಹಣ ಪಡೆಯುವ ಸಂಘಸಂಸ್ಥೆಗಳು ಎರಡೂ ವಿಧಾನಗಳನ್ನು ಬಳಸಿ, ಆರ್‌ಡಿಬಿ ಕಡತದ ಪ್ರತಿಯನ್ನು ದಿನವೂ ಬೇರೆ ಊರಿನ ಸರ್ವರಿಗೆ ಕಳುಹಿಸಿ, ಅದರಿಂದ ದಾಖಲೆ ಮರಳಿ ಬರುತ್ತದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

ಓದುಗ, ಮುಲುಂಡ್, ಮುಂಬಯಿ