ಕಾರ್ಮಿಕ ನಿರೀಕ್ಷಕರು ಕೆಲಸದ ಸ್ಥಳಕ್ಕೆ ಬರಲಿ

ಕಲ್ಯಾಣ ಮಂಡಳಿಯ ಸೌಲಭ್ಯಗಳಿಗಾಗಿ ನಡೆಯುವ ಕಟ್ಟಡ ಕಾರ್ಮಿಕರ ನೋಂದಣಿಯಲ್ಲಿ ಅನರ್ಹರು ನುಸುಳುತ್ತಿದ್ದರೆ, ನಿಜವಾಗಿ ಗಾರೆ ಕಲಸುವವರು, ಇಟ್ಟಿಗೆ ಹೊರುವವರು ಹೊರಗೇ ಉಳಿಯುತ್ತಿರುವುದು ನೋವಿನ ಸಂಗತಿ. ಕಾನೂನಿನ ಪ್ರಕಾರ 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದವರಿಗೆ ನೋಂದಣಿಯ ಹಕ್ಕಿದೆ. ಆದರೆ ಆ 90 ದಿನಕ್ಕೆ ದೃಢೀಕರಣ ಕೊಡುವವರು ಯಾರು? ಇಂದು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವರಿಗೆ ಸಹಿ ಹಾಕಿಕೊಡಲು ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ ಬೀದಿಯಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬರುತ್ತಿದ್ದ ಮಹಿಳೆಯೊಬ್ಬರು ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ಮೂರು ಬಾರಿ ಕಚೇರಿಗೆ ಅಲೆದರು. ಮೂರು ದಿನದ ಕೂಲಿಯೂ ಹೋಯಿತು. ಸಿಮೆಂಟಿನಿಂದ ಬಿರುಕುಬಿಟ್ಟ ಅವರ ಅಂಗೈಗಿಂತ ದೊಡ್ಡ ಸಾಕ್ಷಿ ಬೇಕೇ? ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹವಾಗುವುದೇ ಇಂಥವರ ಕಲ್ಯಾಣಕ್ಕಾಗಿ.

ಕಾರ್ಮಿಕ ನಿರೀಕ್ಷಕರು ವಾರಕ್ಕೊಂದು ದಿನವಾದರೂ ಬೆಳಿಗ್ಗೆ, ಕೂಲಿಯವರು ಸೇರುವ ವೃತ್ತಗಳಿಗೆ ಮತ್ತು ಕಟ್ಟಡಗಳಿಗೆ ತಾವೇ ಹೋಗಿ, ಕೆಲಸವನ್ನು ಕಣ್ಣಾರೆ ನೋಡಿ, ಅಲ್ಲಿಯೇ ಅರ್ಜಿ ಸ್ವೀಕರಿಸಬೇಕು. ಅದಕ್ಕೆ ಬೇಕಾದ ವಾಹನ, ಸಿಬ್ಬಂದಿಯನ್ನು ಕಾರ್ಮಿಕ ಇಲಾಖೆ ಒದಗಿಸಲಿ.