ಕ್ರಿಸ್‌ಮಸ್ ಆಲ್ಬಂಗಳನ್ನು ಇಡಿಯಾಗಿ ಕೇಳಿಸುವ ಏರ್ಪಾಡಾಗಲಿ

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಕೇಕ್, ಕುಸ್ವಾರ್ ಎಂಬ ಹಬ್ಬದ ತಿಂಡಿಗಳು, ನಕ್ಷತ್ರದ ಗೂಡುದೀಪ, ಗೋದಲಿಗಳ ಬಗ್ಗೆ ಪತ್ರಿಕೆಗಳ ಪುರವಣಿಗಳಲ್ಲಿ ಧಾರಾಳವಾಗಿ ಲೇಖನಗಳು ಬರುತ್ತವೆ. ಹಬ್ಬದ ಸಂಗೀತದ ಪ್ರಸ್ತಾಪ ಮಾತ್ರ ಅಪರೂಪ. ಮಡಿಕೇರಿ, ವಿರಾಜಪೇಟೆಯ ಅಂಗಡಿಗಳಲ್ಲಿ ಈಗ ಕೇಳಿಬರುವುದು ಮೊಬೈಲ್ ತನಗೆ ತೋಚಿದಂತೆ ಹಿಂದುಮುಂದಾಗಿ ನುಡಿಸುವ ಐದಾರು ಹಾಡುಗಳಷ್ಟೆ. ಗಾಯಕರು ಆಲೋಚಿಸಿ, ಒಂದಾದ ಮೇಲೊಂದರಂತೆ ಜೋಡಿಸಿಕೊಟ್ಟ ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳುವ ರೂಢಿ ತಪ್ಪಿಹೋಗುತ್ತಿದೆ. ಅದು ಉಳಿಯಬೇಕೆಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದ ಗಾಯಕ ಜಿಮ್ ರೀವ್ಸ್ ಅವರ 1963ರ ‘ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್‌ಮಸ್’ ಇದಕ್ಕೆ ಉತ್ತಮ ಉದಾಹರಣೆ. ಮೊದಲ ಬದಿಯಲ್ಲಿ ‘ಜಿಂಗಲ್ ಬೆಲ್ಸ್’ ಮುಂತಾದ ಉಲ್ಲಾಸದ ಹಾಡುಗಳಿದ್ದರೆ, ಎರಡನೆಯ ಬದಿ ನಿಧಾನವಾಗಿ ಬೆತ್ಲೆಹೇಮಿನತ್ತ ತಿರುಗಿ, ‘ಸೈಲೆಂಟ್ ನೈಟ್’ ಹಾಡಿನೊಂದಿಗೆ ಮುಗಿಯುತ್ತದೆ. ಸಂತೆಯ ಸಡಗರದಿಂದ ಪ್ರಾರ್ಥನೆಯವರೆಗಿನ ಈ ನಡಿಗೆ ಅದೇ ಕ್ರಮದಲ್ಲಿ ಕೇಳಿದರೆ ಮಾತ್ರ ಮನಸ್ಸಿಗೆ ತಟ್ಟುತ್ತದೆ. ನಮ್ಮ ಮನೆಯಲ್ಲಿ ಇದರ ಕ್ಯಾಸೆಟ್ ಇಂದಿಗೂ ಇದೆ. ಕೊಡಗಿನ ಮಳೆಗಾಲದಲ್ಲಿ ಟೇಪಿನ ಸುರುಳಿಗೆ ಬಿಳಿ ಬೂಸ್ಟು ಹಿಡಿಯುವುದರಿಂದ, ಬಟ್ಟೆಗಳನ್ನು ಬೆಚ್ಚಗಿಡಲೆಂದು ಬಲ್ಬು ಉರಿಸುವ ಕಪಾಟಿನ ಮೇಲಿನ ಅರೆಯಲ್ಲಿ ಅದನ್ನು ಇಡುತ್ತೇವೆ. ಅರೇಬಿಕಾ ಕೊಯ್ಲಿನ ದಿನಗಳಲ್ಲಿ, ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ ಬಂದ ಮೇಲೆ ಅದನ್ನು ಹಾಕುವುದು ನಮ್ಮಲ್ಲಿ ಪದ್ಧತಿ.

ಇದೇ ಆಲ್ಬಂನಲ್ಲಿರುವ ‘ಮೇರೀಸ್ ಲಿಟಲ್ ಬಾಯ್ ಚೈಲ್ಡ್’ ಹಾಡಿನ ಹಿನ್ನೆಲೆಯನ್ನು ಓದುಗರು ತಿಳಿಯಬೇಕು. ಅದನ್ನು ರಚಿಸಿದವರು ಅಮೆರಿಕದ ಕಪ್ಪುವರ್ಣೀಯ ಸಂಗೀತಗಾರ, ವೃಂದಗಾಯನ ನಿರ್ದೇಶಕ ಜೆಸ್ಟರ್ ಹೇರ್‌ಸ್ಟನ್. 1956ರಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಅದನ್ನು ಅವಸರವಿಲ್ಲದೆ, ಕಥೆ ಹೇಳುವ ಧಾಟಿಯಲ್ಲಿ ಹಾಡಿದರು. ಬೋನಿ ಎಂ ಎಂಬ ಪಾಪ್ ಸಂಗೀತ ತಂಡ 1978ರಲ್ಲಿ ಅದಕ್ಕೆ ಕುಣಿತದ ಲಯ ಕೊಟ್ಟು, ಹೊಸದೊಂದು ಹಾಡನ್ನೂ ಪೋಣಿಸಿತು. 1981ರ ಅವರ ಕ್ರಿಸ್‌ಮಸ್ ಆಲ್ಬಂನಲ್ಲಿಯೂ ಅದು ಸೇರಿದೆ. ಬೋನಿ ಎಂ ಹಾಡಿದ್ದನ್ನು ಬಲ್ಲ ನಮ್ಮ ಯುವಕರು ಬೆಲಫಾಂಟೆಯವರ ಧ್ವನಿಯಲ್ಲೊಮ್ಮೆ ಅದನ್ನು ಕೇಳಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ. ಒಂದೇ ಹಾಡು ಒಂದೆಡೆ ಮೆರವಣಿಗೆಯಾಗಿಯೂ ಇನ್ನೊಂದೆಡೆ ಜೋಗುಳವಾಗಿಯೂ ಕೇಳಿಸುವ ಸೊಗಸನ್ನು ಅವರು ಕಳೆದುಕೊಳ್ಳಬಾರದು.

ನನ್ನ ಮೆಚ್ಚಿನ ಇನ್ನೊಂದು ಆಲ್ಬಂ ಪಿಯಾನೊ ವಾದಕ ವಿನ್ಸ್ ಗರಾಲ್ಡಿ ಅವರ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’. 1965ರಲ್ಲಿ ಅಮೆರಿಕದ ದೂರದರ್ಶನದ ಮಕ್ಕಳ ಕಾರ್ಯಕ್ರಮಕ್ಕಾಗಿ ಸಿದ್ಧವಾದ ಈ ಜಾಝ್ ಸಂಗೀತದಲ್ಲಿ ಪಿಯಾನೊ, ಬಾಸ್, ಡ್ರಮ್ ಬಿಟ್ಟರೆ ಹೆಚ್ಚಿನ ವಾದ್ಯಗಳಿಲ್ಲ. ಅಲ್ಲಲ್ಲಿ ಹಾಡುವವರು ಕ್ಯಾಲಿಫೋರ್ನಿಯಾದ ಚರ್ಚ್ ಒಂದರ ಮಕ್ಕಳು. ಅವರ ಸ್ವರಗಳು ಪೂರ್ತಿ ಪಳಗಿದವಲ್ಲ, ಆದ್ದರಿಂದಲೇ ನಮ್ಮೂರಿನ ಮಕ್ಕಳ ಕ್ಯಾರಲ್ಸ್‌ಗೆ ಅವು ಬಹಳ ಹತ್ತಿರ.

ಇಂಗ್ಲಿಷ್ ಆಲ್ಬಂಗಳಷ್ಟೇ ಸಾಕೆಂದು ನಾನು ಹೇಳುತ್ತಿಲ್ಲ. ತೋಟಗಳಿಗೆ ಕೇರಳದಿಂದ ಬಂದು ನೆಲೆಸಿದವರ ಮನೆಗಳಲ್ಲಿ ‘ಸ್ನೇಹಪ್ರವಾಹಂ’ ಎಂಬ ಮಲಯಾಳಂ ಆಲ್ಬಂಗೆ ವಿಶೇಷ ಸ್ಥಾನವಿದೆ, ಅದರಲ್ಲಿ ಕೆ.ಎಸ್. ಚಿತ್ರಾ ಹಾಡಿರುವ ‘ಪೈದಲಾಂ ಯೇಶುವೇ’ ಹಾಡಿಗೆ ಭಾಷೆಯ ಹಂಗಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಸ್ಥಾಪನೆಯಾದದ್ದು 1792ರಲ್ಲಿ, ಕೊಡಗಿನ ದೊರೆ ದೊಡ್ಡವೀರರಾಜೇಂದ್ರನ ಆಶ್ರಯದಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಮುಂದೆ ಕೊಡಗಿನಲ್ಲಿ ನೆಲೆಸಿ ದುಡಿದವರು. ಕ್ರೈಸ್ತ ಬದುಕಿಗೆ ಇಷ್ಟು ಹಳೆಯ ಬೇರುಗಳಿರುವ ಈ ಜಿಲ್ಲೆಯಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಕ್ರಿಸ್‌ಮಸ್ ಗೀತೆಗಳನ್ನು ಚರ್ಚ್‌ಗಳ ಗಾಯನವೃಂದಗಳು ಶ್ರದ್ಧೆಯಿಂದ ಹಾಡುತ್ತಾ ಬಂದಿವೆ.

ಆದ್ದರಿಂದ ಆಕಾಶವಾಣಿ ಮಡಿಕೇರಿ ಕೇಂದ್ರಕ್ಕೆ ನನ್ನ ವಿನಂತಿ ಇದು. ಡಿಸೆಂಬರ್ ತಿಂಗಳ ಭಾನುವಾರಗಳ ಸಂಜೆ ಒಂದೊಂದು ಆಲ್ಬಂ ಅನ್ನು ನಡುವೆ ತುಂಡರಿಸದೆ, ಅದರ ಗಾಯಕರ ಕುರಿತು ಕನ್ನಡದಲ್ಲಿ ಒಂದೆರಡು ನಿಮಿಷದ ಪರಿಚಯದೊಂದಿಗೆ ಪ್ರಸಾರ ಮಾಡಬೇಕು. ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ ರೇಡಿಯೊ ಇಟ್ಟುಕೊಂಡವರಿಗೂ ಅದು ತಲುಪುತ್ತದೆ. ಒಂದು ಭಾನುವಾರವನ್ನು ಜಿಲ್ಲೆಯ ಗಾಯನವೃಂದಗಳಿಗೇ ಮೀಸಲಿಟ್ಟು, ಅವರ ಹಾಡುಗಳನ್ನು ಧ್ವನಿಮುದ್ರಿಸಿ ಕಾಪಿಡಬೇಕು. ತಾವೂ ಪುರವಣಿಯಲ್ಲಿ ಓದುಗರ ಮೆಚ್ಚಿನ ಕ್ರಿಸ್‌ಮಸ್ ಆಲ್ಬಂಗಳಿಗೆ ಒಂದು ಅಂಕಣದಷ್ಟು ಜಾಗ ಕೊಟ್ಟರೆ, ಯಾರ ಮನೆಯಲ್ಲಿ ಯಾವ ಹಳೆಯ ರೆಕಾರ್ಡು, ಕ್ಯಾಸೆಟ್ಟುಗಳು ಉಳಿದಿವೆ ಎಂಬುದೂ ಗೊತ್ತಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ವಿರಾಜಪೇಟೆ